ಟ್ಯಾಂಕಿನ ಗೋಡೆ ಮೇಲೆ ನೀರಿನ ಅಂಕಿ ಬರೆಸಿ

ಸಂಪಾದಕರಿಗೆ ನಮಸ್ಕಾರ.

ಪ್ರತಿ ಬೇಸಿಗೆಯಲ್ಲೂ ನಿಮ್ಮ ಪತ್ರಿಕೆಯ ಜಿಲ್ಲಾ ಪುಟದಲ್ಲಿ ಖಾಲಿ ಕೊಡಗಳ ಫೋಟೊ ಬರುತ್ತದೆ. ಹೆಣ್ಣುಮಕ್ಕಳು ಪಂಚಾಯಿತಿ ಮುಂದೆ ಕೊಡ ಇಟ್ಟುಕೊಂಡು ಕೂತಿರುತ್ತಾರೆ. ಆ ಸುದ್ದಿ ಬಂದ ಮೇಲೆ ಎಷ್ಟೋ ಊರಿಗೆ ಟ್ಯಾಂಕರ್ ಬಂದಿದೆ, ಹೊಸ ಬೋರ್ ಬಿದ್ದಿದೆ. ಅದು ದೊಡ್ಡ ಉಪಕಾರ. ಆದರೆ ಕೊಡ ತುಂಬಿದ ಮೇಲೆ ಆ ನೀರಿನಲ್ಲಿ ಏನಿದೆ ಅಂತ ಕೇಳುವ ಸುದ್ದಿ ಅಪರೂಪ. ವಾಂತಿಭೇದಿ ಆಗಿ ಜನ ಸತ್ತಾಗ ಮಾತ್ರ ಬರುತ್ತದೆ. 2022ರಲ್ಲಿ ರಾಯಚೂರು ನಗರದಲ್ಲಿ ಕಲುಷಿತ ನೀರಿನಿಂದ ಸಾವುಗಳಾದಾಗ ಎಲ್ಲರೂ ಎದ್ದು ಕೂತರು. ನೀರಿನಲ್ಲಿ ಕರಗಿರುವ ಫ್ಲೋರೈಡ್, ನೈಟ್ರೇಟ್ ಎಂಬ ಲವಣಗಳು ಹಾಗೆ ಒಂದೇ ವಾರದಲ್ಲಿ ಆಸ್ಪತ್ರೆ ತುಂಬಿಸುವುದಿಲ್ಲ. ಹತ್ತು ವರ್ಷ, ಇಪ್ಪತ್ತು ವರ್ಷ ತೆಗೆದುಕೊಳ್ಳುತ್ತವೆ. ಹಾಗಾಗಿ ಅವು ಸುದ್ದಿ ಆಗುವುದಿಲ್ಲ. ಪತ್ರ ಸ್ವಲ್ಪ ಉದ್ದವಾಗಿದೆ. ಜಾಗ ಮಾಡಿಕೊಡಿ ಅಂತ ಕೇಳಿಕೊಳ್ಳುತ್ತೇನೆ.

ನಾನು ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಒಂದು ಹಳ್ಳಿಯವಳು. ಪಿಯುಸಿಯಲ್ಲಿ ವಿಜ್ಞಾನ ಓದಿದ್ದೆ, ಮುಂದೆ ಓದಲಾಗಲಿಲ್ಲ. ನಮ್ಮ ಸ್ವಸಹಾಯ ಸಂಘದಲ್ಲಿದ್ದೇನೆ. ಜಲ ಜೀವನ್ ಮಿಷನ್ ಬಂದಾಗ ಊರಿಗೆ ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವುದನ್ನು ಕಲಿಸಬೇಕು ಅಂತ ನಿಯಮ ಮಾಡಿದರು. ಆ ಐವರಲ್ಲಿ ನಾನೂ ಒಬ್ಬಳು. ಒಂದು ಪೆಟ್ಟಿಗೆ ಕೊಟ್ಟಿದ್ದಾರೆ. ಅದರಲ್ಲಿ ಸಣ್ಣ ಸಣ್ಣ ಬಾಟಲಿ, ಗಾಜಿನ ನಳಿಗೆ, ಬಣ್ಣದ ಪಟ್ಟಿ ಇವೆ. ಫ್ಲೋರೈಡ್ ನೋಡಲು ನೀರಿಗೆ ಹನಿ ಹಾಕಬೇಕು. ಗುಲಾಬಿ ಬಣ್ಣ ಉಳಿದರೆ ಫ್ಲೋರೈಡ್ ಕಡಿಮೆ. ಹಳದಿ ಕಡೆಗೆ ಹೋದಷ್ಟೂ ಜಾಸ್ತಿ. ನೈಟ್ರೇಟ್‌ಗೆ ಇದಕ್ಕೆ ಉಲ್ಟಾ, ಗುಲಾಬಿ ಕಡುವಾದಷ್ಟೂ ಕೆಟ್ಟದ್ದು. ಗಡಸುತನ ನೋಡಲು ಹನಿ ಎಣಿಸುತ್ತಾ ಹೋಗಬೇಕು, ಕೆಂಪು ನೀರು ನೀಲಿ ಆಗುವವರೆಗೆ. ಇನ್ನೊಂದು ಶೀಶೆಯಲ್ಲಿ ನೀರು ತುಂಬಿ ಒಂದೆರಡು ದಿನ ಇಡಬೇಕು. ಕಪ್ಪಾದರೆ ಹೊಲಸು ಸೇರಿದೆ ಅಂತ ಅರ್ಥ.

ಪರೀಕ್ಷೆ ಮಾಡಿದ ಮೇಲೆ ಅಂಕಿಯನ್ನು ಮೊಬೈಲಿನಲ್ಲಿ ಹಾಕುತ್ತೇವೆ. ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಅದು ಬೆಂಗಳೂರಿಗೂ ದೆಹಲಿಗೂ ಹೋಗುತ್ತದೆ. ಆ ನೀರು ಕುಡಿಯುವ ನಮ್ಮ ಓಣಿಯವರಿಗೆ ಮಾತ್ರ ಗೊತ್ತಾಗುವುದಿಲ್ಲ. ನಾನು ಬಾಯಲ್ಲಿ ಹೇಳಿದರೆ ಕೆಲವರು ಕೇಳುತ್ತಾರೆ, ಕೆಲವರು ಸುಮ್ನೆ ಹೆದರಿಸಬೇಡ ಅನ್ನುತ್ತಾರೆ. ನನ್ನ ಮಾತಿಗಿಂತ ಗೋಡೆ ಮೇಲೆ ಬರೆದದ್ದಕ್ಕೆ ಜನ ಹೆಚ್ಚು ಬೆಲೆ ಕೊಡುತ್ತಾರೆ. ಅದಕ್ಕೇ ನನ್ನ ಒಂದೇ ಬೇಡಿಕೆ. ಪ್ರತಿ ಊರಿನ ಓವರ್‌ಹೆಡ್ ಟ್ಯಾಂಕ್, ಮಿನಿ ಟ್ಯಾಂಕ್, ಶುದ್ಧ ಕುಡಿಯುವ ನೀರಿನ ಘಟಕ, ಇವೆಲ್ಲದರ ಗೋಡೆ ಮೇಲೆ ಫ್ಲೋರೈಡ್ ಎಷ್ಟು, ನೈಟ್ರೇಟ್ ಎಷ್ಟು, ಯಾವ ತಾರೀಖಿನ ಪರೀಕ್ಷೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸಬೇಕು. ಯಾಕೆ ಅಂತ ಹೇಳುತ್ತೇನೆ.

ನಮ್ಮೂರಲ್ಲಿ ಎರಡು ಬೋರ್ ಇವೆ. ಹಳ್ಳದ ಕಡೆಯದು ಗಡಸು, ಸ್ವಲ್ಪ ಉಪ್ಪು. ಆ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಬೇಯುವುದಿಲ್ಲ, ಸೋಪು ನೊರೆ ಬರುವುದಿಲ್ಲ, ಪಾತ್ರೆ ತಳಕ್ಕೆ ಬಿಳಿ ಪದರ ಕಟ್ಟುತ್ತದೆ. ಗುಡಿ ಹತ್ತಿರದ ಬೋರ್ ನೀರು ಸಿಹಿ. ಆಳವಾದ ಬೋರ್ ಅದು. ಎಲ್ಲರೂ ಕುಡಿಯಲು ಅದನ್ನೇ ಒಯ್ಯುತ್ತಾರೆ. ನಮ್ಮ ಅತ್ತೆ ಈಗಲೂ ಹೇಳುತ್ತಾರೆ: "ನೀರು ಸಿಹಿ ಅದಾವ, ಬ್ಯಾಳಿ ಲಗೂನ ಬೇಯ್ತೈತಿ, ಇನ್ನೇನ ಬೇಕವಾ ನಿನಗ?" ಕಿಟ್‌ನಲ್ಲಿ ನೋಡಿದರೆ ಹಳ್ಳದ ಬೋರಿನಲ್ಲಿ ಫ್ಲೋರೈಡ್ 1ರ ಆಚೀಚೆ ಇರುತ್ತದೆ. ಸಿಹಿ ನೀರಿನ ಬೋರಿನಲ್ಲಿ 2 ದಾಟುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ನಡೆಯುತ್ತದೆ. ಅದಕ್ಕಿಂತ ಮೇಲೆ ಹೋಗಬಾರದು.

ಇದು ನಮ್ಮೂರ ವಿಚಿತ್ರ ಅಂತ ಮೊದಲು ಅನ್ನಿಸಿತ್ತು. ಓದಿದ ಮೇಲೆ ಗೊತ್ತಾಯಿತು, ಇದು ಕಲ್ಲಿನ ಗುಣ. ನಮ್ಮ ಭಾಗದ ಕೆಳಗೆಲ್ಲ ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಗಲ್ಲು. ಇಳಕಲ್, ಕುಷ್ಟಗಿ ಕಡೆಯ ಕೆಂಪು ಗ್ರಾನೈಟ್ ದೇಶ ವಿದೇಶಕ್ಕೆ ಹೋಗುತ್ತದಲ್ವಾ, ಅದೇ ತರಹದ ಕಲ್ಲು. ಅದರಲ್ಲಿ ಫ್ಲೋರೈಟ್, ಅಪಟೈಟ್, ಕಪ್ಪು ಅಭ್ರಕ ಅಂತ ಖನಿಜಗಳಿವೆ. ಅವುಗಳಲ್ಲಿ ಫ್ಲೋರೈಡ್ ಇರುತ್ತದೆ. ನೀರು ಕಲ್ಲಿನ ಬಿರುಕಿನಲ್ಲಿ ನಿಂತಷ್ಟು ಕಾಲ ಅದು ಕರಗುತ್ತಾ ಹೋಗುತ್ತದೆ. ಚಹಾಪುಡಿ ಹೆಚ್ಚು ಹೊತ್ತು ಕುದಿಸಿದಷ್ಟೂ ಚಹಾ ಕಡುವಾಗುವ ಹಾಗೆ. ಆಳದ ನೀರು ಹಳೆಯ ನೀರು. ಅದು ಕಲ್ಲಿನ ಜೊತೆ ಬಹಳ ವರ್ಷ ಇದ್ದಿರುತ್ತದೆ.

ಇದರಲ್ಲಿ ಕ್ಯಾಲ್ಸಿಯಂ ಪಾತ್ರ ದೊಡ್ಡದು. ನೀರಿನಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದರೆ ಅದು ಫ್ಲೋರೈಡ್ ಜೊತೆ ಸೇರಿ ತಳಕ್ಕೆ ಕೂರುತ್ತದೆ. ಫ್ಲೋರೈಡ್ ಒಂದು ಮಟ್ಟ ಮೀರಿ ಏರಲು ಬಿಡುವುದಿಲ್ಲ. ನಮ್ಮ ಒಣ ಸೀಮೆಯಲ್ಲಿ ನೀರು ಇಂಗುವಾಗಲೇ ಕ್ಯಾಲ್ಸಿಯಂ ಸುಣ್ಣದ ಹರಳಾಗಿ ಮಣ್ಣಿನಲ್ಲಿ ಉಳಿದುಬಿಡುತ್ತದೆ. ಎರೆ ಹೊಲ ಅಗೆದಾಗ ಬಿಳಿ ಸುಣ್ಣದ ಕಲ್ಲು ಸಿಗುತ್ತದಲ್ಲ, ಅದೇ. ಉಳಿದ ಕ್ಯಾಲ್ಸಿಯಂನಲ್ಲೂ ಒಂದಿಷ್ಟನ್ನು ಜೇಡಿಮಣ್ಣು ಹಿಡಿದಿಟ್ಟುಕೊಂಡು ಬದಲಿಗೆ ಸೋಡಿಯಂ ಬಿಡುತ್ತದೆ. ಕೆಳಗೆ ಸೇರುವ ನೀರಿನಲ್ಲಿ ಕ್ಯಾಲ್ಸಿಯಂ ಕಡಿಮೆ, ಸೋಡಾ ಅಂಶ ಜಾಸ್ತಿ. ಸೋಡಾ ಅಂಶ ಇದ್ದರೆ ಬೇಳೆ ಬೇಗ ಬೇಯುತ್ತದೆ, ಇದು ಎಲ್ಲ ಅಡುಗೆಯವರಿಗೂ ಗೊತ್ತು. ಅದೇ ನೀರಿನಲ್ಲಿ ಫ್ಲೋರೈಡ್‌ಗೆ ತಡೆಯೇ ಇರುವುದಿಲ್ಲ.

ಎಲ್ಲ ಸಿಹಿ ನೀರೂ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಮಳೆ ನೀರು, ನದಿ ನೀರು ಸಿಹಿಯೇ, ಅವುಗಳಲ್ಲಿ ಫ್ಲೋರೈಡ್ ಕಡಿಮೆ. ಆದರೆ ನಮ್ಮ ಕಡೆಯ ಆಳದ ಬೋರಿನ ವಿಷಯದಲ್ಲಿ ನಾಲಿಗೆಯನ್ನು ನಂಬುವ ಹಾಗಿಲ್ಲ. ಫ್ಲೋರೈಡ್‌ಗೆ ರುಚಿ ಇಲ್ಲ, ಬಣ್ಣ ಇಲ್ಲ, ವಾಸನೆ ಇಲ್ಲ. ತಲತಲಾಂತರದಿಂದ ನಮ್ಮ ಹಿರಿಯರು ನೀರನ್ನು ಆರಿಸಿದ್ದು ರುಚಿಯಿಂದ, ಬೇಳೆ ಬೇಯುವುದರಿಂದ. ಬಾವಿ ನೀರಿಗೆ ಆ ಲೆಕ್ಕ ಸರಿಯಿತ್ತು. ಐನೂರು, ಆರುನೂರು ಅಡಿ ಬೋರಿಗೆ ಅದು ಸಾಲದು.

ಈಗ ಟಿಡಿಎಸ್ ಮೀಟರ್ ಬಗ್ಗೆ ಹೇಳಲೇಬೇಕು. ಪೆನ್ನಿನಂಥ ಸಣ್ಣ ಯಂತ್ರ. ಫಿಲ್ಟರ್ ಮಾರುವವರು ಮನೆಗೆ ಬಂದು ಲೋಟದಲ್ಲಿ ಅದ್ದಿ ಅಂಕಿ ತೋರಿಸುತ್ತಾರೆ. ಜನ ಅದನ್ನೇ ನೀರಿನ ಪೂರ್ತಿ ಜಾತಕ ಅಂದುಕೊಂಡಿದ್ದಾರೆ. ಆ ಮೀಟರ್ ನೋಡುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು ಮಾತ್ರ. ಅದರಿಂದ ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳುತ್ತದೆ. ಯಾವ ಲವಣ ಅಂತ ಹೇಳುವುದಿಲ್ಲ. ಟಿಡಿಎಸ್ 500ರ ಒಳಗಿದ್ದರೆ ಒಳ್ಳೆಯದು ಅಂತ ಮಾನಕ ಹೇಳುತ್ತದೆ. 450 ಇದ್ದ ನೀರಿನಲ್ಲಿ ಫ್ಲೋರೈಡ್ 3 ಇರಬಹುದು. 900 ಇದ್ದ ನೀರಿನಲ್ಲಿ 0.7 ಇರಬಹುದು. ಮೂರು ಮಿಲಿಗ್ರಾಂ ಫ್ಲೋರೈಡ್ ಆ 450ರಲ್ಲಿ ಲೆಕ್ಕಕ್ಕೇ ಸಿಗುವುದಿಲ್ಲ. ಮೀಟರ್ ತೋರಿಸಿ "ನಿಮ್ಮ ನೀರು ಏಕದಮ್ ಚಲೋ ಅದಾವ್ರಿ" ಅನ್ನುವವರನ್ನು ದಯವಿಟ್ಟು ನಂಬಬೇಡಿ. ಫ್ಲೋರೈಡ್ ಎಷ್ಟು ಅಂತ ಕೇಳಿ.

ಕುದಿಸಿದರೆ ಸರಿಹೋಗುತ್ತದೆ ಅನ್ನುವವರೂ ಬಹಳ. ಕುದಿಸಿದರೆ ಹುಳ, ರೋಗಾಣು ಸಾಯುತ್ತವೆ, ಅದು ನಿಜ. ಫ್ಲೋರೈಡ್, ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅವುಗಳ ಪ್ರಮಾಣ ಏರುತ್ತದೆ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ಮಾತು ನೆನಪಿಡಬೇಕು. ಮಾನಕ ಮಾಡುವಾಗ ಒಬ್ಬರು ದಿನಕ್ಕೆ ಎರಡು ಲೀಟರ್ ಕುಡಿಯುತ್ತಾರೆ ಅಂತ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ನರೇಗಾ ಕೆಲಸಕ್ಕೆ ಮಣ್ಣು ಹೊರುವ ಹೆಂಗಸು ಎರಡು ಲೀಟರಿನಲ್ಲಿ ಬದುಕುತ್ತಾಳಾ? ಐದಾರು ಲೀಟರ್ ಬೇಕೇ ಬೇಕು. 1.5 ಮಿಲಿಗ್ರಾಂ ಇರುವ ನೀರನ್ನು ಎರಡು ಲೀಟರ್ ಕುಡಿದರೆ 3 ಮಿಲಿಗ್ರಾಂ. ಆರು ಲೀಟರ್ ಕುಡಿದರೆ 9. ಜೊತೆಗೆ ರೊಟ್ಟಿ ಹಿಟ್ಟಿಗೆ ಎಸರು, ಅನ್ನ, ಸಾರು, ಅಂಬಲಿ, ಎಲ್ಲವೂ ಅದೇ ನೀರಿನಲ್ಲಿ. ಕುಡಿಯುವ ನೀರಿನ ಪ್ರಮಾಣ ನೋಡಿಕೊಂಡು ಆಯಾ ದೇಶ ತನ್ನ ಮಿತಿ ಇಟ್ಟುಕೊಳ್ಳಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿದೆ. ಹಾಗಾಗಿ ನಮ್ಮ ಬಿಸಿಲಿಗೆ 1.5 ಅನ್ನುವುದು ಆರಾಮದ ಅಂಕಿ ಅಲ್ಲ. 1ರ ಒಳಗಿರಲಿ ಅಂತಲೇ ಹಿಡಿಯಬೇಕು.

ನನ್ನ ಮಗಳು ಒಂಬತ್ತನೇ ತರಗತಿ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಇವೆ. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಾಳೆ. ಅವಳ ತರಗತಿಯಲ್ಲಿ ಅವಳೊಬ್ಬಳೇ ಅಲ್ಲ. ಹಲ್ಲಿನ ಮೇಲ್ಪದರ ದವಡೆಯೊಳಗೆ ಬೆಳೆಯುವ ಕಾಲದಲ್ಲಿ ಫ್ಲೋರೈಡ್ ಜಾಸ್ತಿ ಸೇರಿದರೆ ಹೀಗಾಗುತ್ತದೆ. ಹುಟ್ಟಿನಿಂದ ಎಂಟು ವರ್ಷದವರೆಗೆ ಆ ಕಾಲ. ಆಮೇಲೆ ನೀರು ಬದಲಿಸಿದರೂ ಕಲೆ ಹೋಗುವುದಿಲ್ಲ, ಉಜ್ಜಿದರೂ ಹೋಗುವುದಿಲ್ಲ. ಹಲ್ಲು ಉಜ್ಜುವುದಿಲ್ಲ ಅಂತ ಮಕ್ಕಳನ್ನು ಬೈಯುವ ಶಿಕ್ಷಕರು ಈ ಮಾತು ತಿಳಿದುಕೊಳ್ಳಲಿ. ದೊಡ್ಡವರಲ್ಲಿ, ಇನ್ನೂ ಹೆಚ್ಚು ಫ್ಲೋರೈಡನ್ನು ಬಹಳ ವರ್ಷ ಕುಡಿದಾಗ, ಎಲುಬಿನಲ್ಲಿ ಸೇರಿ ಕೀಲು ಬಿಗಿಯುತ್ತದೆ, ಬೆನ್ನು ಬಾಗುವುದಿಲ್ಲ. ಇದು ಹೊಸ ರೋಗ ಏನಲ್ಲ. 1937ರಲ್ಲೇ ಆಗಿನ ಮದರಾಸು ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ ವೈದ್ಯರು ಇದನ್ನು ಗುರುತಿಸಿ ಬರೆದಿದ್ದಾರೆ. ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ಎಂಬ ಈ ರೋಗ ತಡೆಯಲು ರಾಷ್ಟ್ರೀಯ ಕಾರ್ಯಕ್ರಮವನ್ನೇ ಶುರು ಮಾಡಿತು.

ಬೋರ್ ನೀರಿಗೆ ನಾವು ಬಂದದ್ದು ಯಾಕೆ ಅನ್ನುವುದನ್ನೂ ಮರೆಯಬಾರದು. ನಮ್ಮ ಅತ್ತೆಯ ಮೊಣಕಾಲ ಕೆಳಗೆ ನಾರುಹುಣ್ಣಿನ ಗಾಯದ ಗುರುತು ಇನ್ನೂ ಇದೆ. ಅವರು ಸಣ್ಣವರಿದ್ದಾಗ ಮೆಟ್ಟಿಲು ಬಾವಿಗೆ ಇಳಿದು ಕೊಡ ತುಂಬುತ್ತಿದ್ದರು. ಕಾಲಿನಿಂದ ದಾರದಂಥ ಹುಳು ಹೊರಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಸ್ವಲ್ಪ ಸ್ವಲ್ಪ ಎಳೆಯುತ್ತಿದ್ದರು. ಆ ರೋಗ ಓಡಿಸಲು ಬಾವಿ ಮುಚ್ಚಿ, ಊರೂರಿಗೆ ಬೋರಿಂಗ್ ಹಾಕಿದರು. ದೇಶದಲ್ಲಿ ಕೊನೆಯ ನಾರುಹುಣ್ಣು 1996ರಲ್ಲಿ ಕಂಡಿತು, 2000ದಲ್ಲಿ ಭಾರತ ಅದರಿಂದ ಮುಕ್ತ ಅಂತ ಘೋಷಣೆ ಆಯಿತು. ಅದು ದೊಡ್ಡ ಕೆಲಸ. ಬೋರಿಂಗ್ ಹಾಕಿದವರಿಗೆ ನಾವು ಯಾವತ್ತೂ ಋಣಿ. ಆದರೆ ಆಗಿನ ಬೋರಿಗಿಂತ ಈಗಿನ ಬೋರ್ ಎಷ್ಟೋ ಆಳ. ನೀರು ಕೆಳಗಿಳಿದಂತೆ ನಾವೂ ಇಳಿಯುತ್ತಾ ಹೋದೆವು.

ನನ್ನ ತವರುಮನೆ ಕಾರಟಗಿ ಕಡೆ. ಅಲ್ಲಿಯ ಕಥೆ ಬೇರೆ. ತುಂಗಭದ್ರಾ ಎಡದಂಡೆ ಕಾಲುವೆ, ಎರಡು ಕಡೆ ಭತ್ತ. ಆ ಕಾಲುವೆಯನ್ನು ಮೊದಲು ಯೋಚಿಸಿದ್ದು ಜೋಳ, ಹತ್ತಿಯಂಥ ಕಡಿಮೆ ನೀರಿನ ಬೆಳೆಗೆ. ಆಗಿದ್ದು ಭತ್ತ. ನೀರು ನಿಂತು ನಿಂತು ಕೆಳಗಿನ ನೀರು ಮೇಲೆ ಬಂತು, ಬಿಸಿಲಿಗೆ ಆರಿ ಉಪ್ಪು ಮೇಲುಳಿಯಿತು. ಸವಳು-ಜವಳು ಅಂತ ಎಷ್ಟೋ ಹೊಲ ಹಾಳಾದವು. ಅಲ್ಲಿ ಕಾಲುವೆ ನೀರು ಇರುವವರೆಗೆ ಕೆರೆ ತುಂಬಿಸಿ ಕುಡಿಯುತ್ತಾರೆ. ಬೇಸಿಗೆಯಲ್ಲಿ ಕಾಲುವೆ ಬಂದ್ ಆದರೆ ಬೋರೇ ಗತಿ. ಆ ಬೋರಿನ ಮುಖ್ಯ ತೊಂದರೆ ಉಪ್ಪು ಮತ್ತು ನೈಟ್ರೇಟ್.

ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ. ಇದಕ್ಕೆ ಬೇರೆ ನೀರಿಲ್ಲ ಅಂತ ಯಾವ ವಿನಾಯಿತಿಯೂ ಇಲ್ಲ. ಆರು ತಿಂಗಳ ಒಳಗಿನ ಕೂಸಿಗೆ ಬಾಟಲಿ ಹಾಲಿನಲ್ಲಿ ಈ ನೀರು ಬೆರೆಸಿ ಕುಡಿಸಿದರೆ ರಕ್ತ ಉಸಿರನ್ನು ಸರಿಯಾಗಿ ಒಯ್ಯಲಾರದೆ ಕೂಸಿನ ಮೈ ನೀಲಿಗಟ್ಟಬಹುದು. ಎದೆಹಾಲು ಕುಡಿಯುವ ಕೂಸಿಗೆ ಈ ಭಯ ಇಲ್ಲ. ಇದನ್ನು ಅಮೆರಿಕದ ಅಯೋವಾ ಎಂಬ ಕೃಷಿ ರಾಜ್ಯದ ಒಬ್ಬ ವೈದ್ಯ 1945ರಲ್ಲೇ ಬರೆದಿದ್ದರು. ಅಲ್ಲೂ ಹೊಲದ ನಡುವಿನ ಬಾವಿಗಳೇ.

ಯೂರಿಯಾ ಬಗ್ಗೆ ನಾನೊಂದು ಲೆಕ್ಕ ಮಾಡಿದೆ. ಒಂದು ಚೀಲ 45 ಕೆ.ಜಿ. ಅದರಲ್ಲಿ ಶೇ 46 ಸಾರಜನಕ, ಅಂದರೆ 20 ಕೆ.ಜಿ.ಗೂ ಸ್ವಲ್ಪ ಮೇಲೆ. ಅದೆಲ್ಲ ನೈಟ್ರೇಟ್ ಆದರೆ ಸುಮಾರು 92 ಕೆ.ಜಿ. ಆಗುತ್ತದೆ. ಅದು ಪೂರ್ತಿ ನೀರಿಗೆ ಸೇರಿದರೆ 20 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಲು ಸಾಕು. ಪೂರ್ತಿ ಸೇರುವುದಿಲ್ಲ ಅನ್ನುವುದು ನಿಜ. ಬೆಳೆ ಹೀರುತ್ತದೆ, ಒಂದು ಪಾಲು ಗಾಳಿಗೆ ಹೋಗುತ್ತದೆ. ನೀರು ನಿಂತ ಭತ್ತದ ಗದ್ದೆಯಲ್ಲಿ ಗಾಳಿ ಇಲ್ಲದ ಕಾರಣ ನೈಟ್ರೇಟ್ ಆಗುವುದೂ ಕಡಿಮೆ. ಆದರೆ ಗದ್ದೆ ಒಣಗಿ ಮತ್ತೆ ನೆನೆಯುವಾಗ, ಮೆಕ್ಕೆಜೋಳ, ಮೆಣಸಿನಕಾಯಿ, ಹತ್ತಿ ಹೊಲದಲ್ಲಿ, ಅದು ಬಸಿದು ಕೆಳಗೆ ಹೋಗುತ್ತದೆ. ಎರೆಭೂಮಿ ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ಮೊದಲ ಜೋರು ಮಳೆ ಬಂದರೆ ನೀರು ಆ ಬಿರುಕಿನಲ್ಲಿ ಸೀದಾ ಇಳಿಯುತ್ತದೆ. ಮಣ್ಣು ಸೋಸುವುದಕ್ಕೆ ಪುರುಸೊತ್ತೇ ಇಲ್ಲ.

ರೈತರ ಮೇಲೆ ಮಾತ್ರ ಹೊರಿಸುವುದು ಅನ್ಯಾಯ. ನಮ್ಮ ತಂದೆಯೂ ರೈತರು, ನನ್ನ ಗಂಡನೂ ರೈತ. ನಾನು ಕಂಡ ಹಾಗೆ ಊರೊಳಗಿನ ಬೋರಿನಲ್ಲಿ ನೈಟ್ರೇಟ್ ಏರುವುದಕ್ಕೆ ಹೊಲಕ್ಕಿಂತ ಊರೇ ಹೆಚ್ಚು ಕಾರಣ. ಬೋರಿನ ಪಕ್ಕದಲ್ಲೇ ತಿಪ್ಪೆ, ದನದ ಕೊಟ್ಟಿಗೆ, ಶೌಚಾಲಯದ ಗುಂಡಿ, ಮುಚ್ಚಿಲ್ಲದ ಗಟಾರ. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಹಾಕಿ ಬಿಗಿ ಮಾಡಿರುವುದಿಲ್ಲ. ಮಳೆ ಬಂದಾಗ ಹೊಲಸು ನೀರು ಪೈಪಿನ ಹೊರಮೈ ಹಿಡಿದುಕೊಂಡೇ ಇಳಿಯುತ್ತದೆ. ಇದನ್ನು ಸರಿಮಾಡಲು ಕೋಟಿ ರೂಪಾಯಿ ಬೇಡ. ತಿಪ್ಪೆ ಸರಿಸಬೇಕು, ಬೋರಿನ ಸುತ್ತ ಕಟ್ಟೆ ಕಟ್ಟಬೇಕು, ನೀರು ದೂರ ಹರಿದು ಹೋಗಬೇಕು.

ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ದೇಶದ ಮಾದರಿಗಳಲ್ಲಿ ಸುಮಾರು ಶೇ 20ರಷ್ಟರಲ್ಲಿ ನೈಟ್ರೇಟ್, ಸುಮಾರು ಶೇ 9ರಷ್ಟರಲ್ಲಿ ಫ್ಲೋರೈಡ್ ಮಿತಿ ಮೀರಿದೆ. ನೈಟ್ರೇಟ್ ಹೆಚ್ಚಿರುವ ರಾಜ್ಯಗಳಲ್ಲಿ ರಾಜಸ್ಥಾನದ ಜೊತೆ ನಮ್ಮ ರಾಜ್ಯದ ಹೆಸರೂ ಮುಂದಿದೆ. ಆ ವರದಿ ಓದುವವರು ಎಷ್ಟು ಜನ? ಅದರಲ್ಲಿ ನನ್ನ ಓಣಿಯ ನಲ್ಲಿಯ ಅಂಕಿ ಸಿಗುವುದೂ ಇಲ್ಲ.

ಪ್ರಯೋಗಾಲಯದ ಚೀಟಿ ಸಿಕ್ಕರೂ ಓದುವುದು ಸುಲಭ ಇಲ್ಲ. ನೈಟ್ರೇಟನ್ನು ಎರಡು ರೀತಿ ಬರೆಯುತ್ತಾರೆ. ಒಂದು ಪೂರ್ತಿ ನೈಟ್ರೇಟ್ ಲೆಕ್ಕ, ಮಿತಿ 45. ಇನ್ನೊಂದು ಅದರೊಳಗಿನ ಸಾರಜನಕದ ಲೆಕ್ಕ, ಆಗ ಅದೇ ಮಿತಿ 10 ಆಗುತ್ತದೆ. ಚೀಟಿಯಲ್ಲಿ ಸುಮ್ನೆ "12" ಅಂತ ಇದ್ದರೆ ಮೊದಲ ಲೆಕ್ಕದಲ್ಲಿ ನೀರು ಬಹಳ ಚೆನ್ನ, ಎರಡನೇ ಲೆಕ್ಕದಲ್ಲಿ 53 ಆಗಿ ಮಿತಿ ದಾಟಿದೆ. ಗೋಡೆ ಮೇಲೆ ಬರೆಯುವಾಗ ಪಕ್ಕದಲ್ಲೇ ಮಿತಿಯನ್ನೂ ಬರೆಯಬೇಕು ಅಂತ ನಾನು ಹೇಳುವುದು ಇದಕ್ಕೇ.

ನಮ್ಮೂರಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ಇದೆ. ಕಾಯಿನ್ ಹಾಕಿದರೆ ಇಪ್ಪತ್ತು ಲೀಟರ್ ಬರುತ್ತದೆ. ಬರುತ್ತಿತ್ತು ಅನ್ನಬೇಕು. ಮೋಟರ್ ಸುಟ್ಟಿತು, ಮಾಡಿಸಿದರು. ಆಮೇಲೆ ನೀರು ಸೋಸುವ ಒಳಗಿನ ಆರ್‌ಒ ಪೊರೆ ಹೋಯಿತು, ಅದನ್ನು ಬದಲಿಸಲು ಗುತ್ತಿಗೆದಾರ ಬರಲೇ ಇಲ್ಲ. ಆರ್‌ಒ ಪೊರೆ ಚೆನ್ನಾಗಿದ್ದಾಗ ಫ್ಲೋರೈಡ್, ನೈಟ್ರೇಟ್ ಎರಡನ್ನೂ ಬಹಳ ಮಟ್ಟಿಗೆ ತೆಗೆಯುತ್ತದೆ. ಹಳೆಯದಾದರೆ ಬಿಡುತ್ತದೆ, ಆದರೂ ನೀರು ನೋಡಲು ತಿಳಿಯಾಗಿಯೇ ಇರುತ್ತದೆ. ಘಟಕದ ಬೋರ್ಡ್ ಮೇಲೆ ಉದ್ಘಾಟನೆ ಮಾಡಿದವರ ಹೆಸರೆಲ್ಲ ಇವೆ. ಪೊರೆ ಯಾವಾಗ ಬದಲಿಸಿದರು, ಈ ತಿಂಗಳ ಫ್ಲೋರೈಡ್ ಎಷ್ಟು ಅಂತ ಒಂದು ಸಾಲು ಇಲ್ಲ. ಇನ್ನೊಂದು ಸಂಗತಿ, ಒಳಗೆ ಹೋದ ನೀರಿನಲ್ಲಿ ಅರ್ಧದಷ್ಟು, ಕೆಲವೊಮ್ಮೆ ಅದಕ್ಕೂ ಜಾಸ್ತಿ, ಹೊರಗೆ ಬಿಡುತ್ತಾರೆ. ತೆಗೆದ ಫ್ಲೋರೈಡ್ ಎಲ್ಲ ಅದರಲ್ಲೇ ಇರುತ್ತದೆ. ಒಳಗೆ 2.5 ಹೋಗಿ ಅರ್ಧ ನೀರು ಹೊರಬಿದ್ದರೆ ಆ ನೀರಿನಲ್ಲಿ 5ರ ಹತ್ತಿರ. ಅದು ಘಟಕದ ಹಿಂದೆಯೇ ನಿಲ್ಲುತ್ತದೆ, ದನ ಕುಡಿಯುತ್ತವೆ, ಉಳಿದದ್ದು ಮತ್ತೆ ಅಲ್ಲೇ ಇಂಗುತ್ತದೆ.

ಈಗ ನಮ್ಮ ತಾಲ್ಲೂಕಿಗೆ ಕೃಷ್ಣಾ ನದಿಯ ನೀರು ತರುವ ಯೋಜನೆ ನಡೆದಿದೆ. ಬಂದರೆ ಬಹಳ ಸಂತೋಷ. ಆದರೆ ನದಿ ನೀರು ಒಂದು ದಿನ ಬಂದು ಎರಡು ದಿನ ಬಾರದಿದ್ದರೆ ನೀರುಗಂಟಿ ಅದೇ ಟ್ಯಾಂಕಿಗೆ ಬೋರ್ ನೀರು ಬಿಡುತ್ತಾನೆ. ಪಾಪ, ಅವನೇನು ಮಾಡಿಯಾನು? ಅವನಿಗೆ ಅಂಕಿ ಗೊತ್ತಿದ್ದರೆ ಬೆರೆಸುವುದರಲ್ಲೇ ಅರ್ಧ ಕೆಲಸ ಆಗುತ್ತದೆ. ಬೋರಿನಲ್ಲಿ 2.4, ನದಿ ನೀರಿನಲ್ಲಿ 0.4 ಇದೆ ಅಂದುಕೊಳ್ಳಿ. ಅರ್ಧ ಅರ್ಧ ಬೆರೆಸಿದರೆ 1.4. ಒಂದು ಪಾಲು ಬೋರ್, ಮೂರು ಪಾಲು ನದಿ ಆದರೆ 0.9. ಇದಕ್ಕೆ ಯಂತ್ರ ಬೇಡ, ಕರೆಂಟ್ ಬೇಡ. ಎರಡು ಅಂಕಿ ಗೋಡೆ ಮೇಲಿದ್ದರೆ ಸಾಕು. ನಮ್ಮಂಥ ಊರಿನಲ್ಲಿ ಹಳ್ಳದ ಬೋರನ್ನು ಕುಡಿಯಲು, ಗುಡಿ ಬೋರನ್ನು ಬಳಸಲು ಅಂತ ಅದಲು ಬದಲು ಮಾಡಿಕೊಳ್ಳಬಹುದು. ರುಚಿ ಸ್ವಲ್ಪ ಬೇರೆ ಇರುತ್ತದೆ, ಬೇಳೆ ತಡವಾಗಿ ಬೇಯುತ್ತದೆ. ಮಕ್ಕಳ ಹಲ್ಲು ಉಳಿಯುತ್ತದೆ.

ಮೊದಲು ಅಂಗನವಾಡಿಯಿಂದ ಶುರು ಮಾಡಿ ಅಂತ ಕೈಮುಗಿದು ಕೇಳುತ್ತೇನೆ. ಹಲ್ಲು ಬೆಳೆಯುವ ವಯಸ್ಸಿನ ಮಕ್ಕಳೂ, ಬಸುರಿಯರೂ ಬಾಣಂತಿಯರೂ ಬರುವ ಜಾಗ ಅದು. ಕ್ಷೀರಭಾಗ್ಯದ ಹಾಲಿನ ಪುಡಿ ಮಕ್ಕಳಿಗೆ ಬಹಳ ಒಳ್ಳೆಯದು, ಹಾಲಿನ ಕ್ಯಾಲ್ಸಿಯಂ ಫ್ಲೋರೈಡನ್ನು ಮೈಗೆ ಹೆಚ್ಚು ಸೇರಲು ಬಿಡುವುದಿಲ್ಲ. ಆದರೆ ಆ ಪುಡಿಯನ್ನು ಕಲಸುವುದು ಯಾವ ನೀರಿನಲ್ಲಿ? ಅದೇ ಬೋರ್ ನೀರಿನಲ್ಲಿ. ಅಂಗನವಾಡಿಗೆ ದಿನಕ್ಕೆ ಎಷ್ಟು ನೀರು ಬೇಕು? ಒಂದೆರಡು ಕ್ಯಾನ್. ಇಷ್ಟನ್ನು ಒಳ್ಳೆಯ ಬೋರಿನಿಂದಲೋ, ಮಳೆ ನೀರಿನಿಂದಲೋ ಕೊಡಲಾಗದಷ್ಟು ಬಡವಾಗಿದೆಯಾ ನಮ್ಮ ಪಂಚಾಯಿತಿ?

ಮಳೆ ನೀರಿನ ಮಾತು ಬಂದಾಗ ಜನ "ನಮ್ಮ ಕಡೆ ಮಳೆ ಎಲ್ಲೈತಿ?" ಅನ್ನುತ್ತಾರೆ. ವರ್ಷಕ್ಕೆ 500 ಮಿ.ಮೀ. ಬಿದ್ದರೂ 30 ಚದರ ಮೀಟರ್ ಆರ್‌ಸಿಸಿ ಚಾವಣಿ ಮೇಲೆ 15,000 ಲೀಟರ್ ಬೀಳುತ್ತದೆ. ಸೋರಿದ್ದು, ಮೊದಲ ಮಳೆಗೆ ಚಾವಣಿ ತೊಳೆದು ಬಿಟ್ಟಿದ್ದು ಕಳೆದರೂ 12,000 ಉಳಿಯುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೆ ಅದು ಒಂದು ವರ್ಷ ದಾಟುತ್ತದೆ. ನಮ್ಮ ಹಳೆಯ ಮಾಳಿಗೆ ಮನೆಗಳ ಮಣ್ಣಿನ ಮೇಲ್ಮುದ್ದೆಗೆ ಇದು ಆಗುವುದಿಲ್ಲ, ಗೊತ್ತು. ನೀರು ತುಂಬಿಡುವ ತೊಟ್ಟಿಗೆ ದುಡ್ಡು ಬೇಕು, ಅದೂ ಗೊತ್ತು. ಶಾಲೆ, ಅಂಗನವಾಡಿ, ಪಂಚಾಯಿತಿ ಕಟ್ಟಡಗಳೆಲ್ಲ ಆರ್‌ಸಿಸಿ ಅಲ್ವಾ? ಅಲ್ಲಿಂದ ಶುರು ಮಾಡಲಿ. ಜನ ಕೈಜೋಡಿಸುವುದಿಲ್ಲ ಅಂತ ಯಾರೂ ಹೇಳಬಾರದು. 2019ರಲ್ಲಿ ಕೊಪ್ಪಳದ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮೀಜಿ ಮುಂದೆ ನಿಂತಾಗ ಹಿರೇಹಳ್ಳ ಸ್ವಚ್ಛ ಮಾಡಲು ಜನ ಸಾಗರದಂತೆ ಬಂದರು. ನಮ್ಮ ತಾಲ್ಲೂಕಿನ ನಿಡಶೇಸಿ ಕೆರೆಯ ಹೂಳೂ ಜನ ಸೇರಿ ತೆಗೆದದ್ದೇ. ಕೆರೆ ತುಂಬಿ ಹೊಸ ನೀರು ಇಂಗಿದರೆ ಹತ್ತಿರದ ಬೋರಿನ ಹಳೆಯ ನೀರಿಗೆ ಅದು ಬೆರೆಯುತ್ತದೆ.

ನಮ್ಮ ಕಿಟ್ ಬಗ್ಗೆಯೂ ಪ್ರಾಮಾಣಿಕವಾಗಿ ಹೇಳಬೇಕು. ಕಣ್ಣಿನಿಂದ ಬಣ್ಣ ಹೋಲಿಸುವುದು, ಸಂಜೆ ಬೆಳಕಿನಲ್ಲಿ ಒಂದು, ಮಧ್ಯಾಹ್ನ ಒಂದು ಕಾಣಬಹುದು. ಉಪ್ಪು, ಸೋಡಾ ಅಂಶ ಬಹಳ ಇದ್ದರೆ, ಕ್ಲೋರಿನ್ ಇದ್ದರೆ ಬಣ್ಣ ಹೆಚ್ಚುಕಡಿಮೆ ಆಗುತ್ತದೆ. ಕಿಟ್‌ನಲ್ಲಿ ಜಾಸ್ತಿ ಬಂದ ನೀರನ್ನು ಪ್ರಯೋಗಾಲಯದಲ್ಲಿ ಮತ್ತೆ ನೋಡಲೇಬೇಕು. ಯುರೇನಿಯಂಗೆ ನಮ್ಮ ಪೆಟ್ಟಿಗೆಯಲ್ಲಿ ಪರೀಕ್ಷೆ ಇಲ್ಲ. ಅದಕ್ಕೆ ಲೀಟರಿಗೆ 0.03 ಮಿಲಿಗ್ರಾಂ ಮಿತಿಯನ್ನು 2021ರಲ್ಲಿ ಮಾನಕಕ್ಕೆ ಸೇರಿಸಿದ್ದಾರೆ. ಗ್ರಾನೈಟ್ ಸೀಮೆಯ ನಮಗೆ ಅದು ಬೇಕು. ಹಟ್ಟಿ ಚಿನ್ನದ ಗಣಿ ಇರುವ ಲಿಂಗಸುಗೂರು ಕಡೆಯ ಕಲ್ಲಿನಲ್ಲಿ ಆರ್ಸೆನಿಕ್ ಇರುವ ಖನಿಜ ಇದೆ. ಅಲ್ಲಿನ ಬೋರುಗಳಿಗೆ ಆ ಪರೀಕ್ಷೆಯೂ ತಪ್ಪಬಾರದು. ಕುಡಿಯುವ ನೀರಿನ ಪ್ರತಿ ಮೂಲವನ್ನು ವರ್ಷಕ್ಕೆ ಒಂದು ಸಲ ರಾಸಾಯನಿಕ ಪರೀಕ್ಷೆ, ಎರಡು ಸಲ ರೋಗಾಣು ಪರೀಕ್ಷೆ ಮಾಡಬೇಕು ಅಂತ ನಿಯಮ ಇದೆ. ನಮ್ಮ ಭಾಗಕ್ಕೆ ರಾಸಾಯನಿಕ ಪರೀಕ್ಷೆಯೂ ಎರಡು ಸಲ ಆಗಲಿ. ಮಳೆಗಾಲಕ್ಕೆ ಮೊದಲು ಒಂದು, ಆಮೇಲೆ ಒಂದು. ಯಾಕೆಂದರೆ ಬೇಸಿಗೆಯ ಅಂಕಿ ಬೇರೆ, ದೀಪಾವಳಿ ಹೊತ್ತಿನ ಅಂಕಿ ಬೇರೆ.

ಗೋಡೆ ಮೇಲೆ ಬರೆದರೆ ಜನ ಗಾಬರಿಯಾಗುತ್ತಾರೆ ಅಂತ ಒಬ್ಬ ಅಧಿಕಾರಿ ನನಗೆ ಹೇಳಿದರು. ಗಾಬರಿಯಾಗಲಿ ಬಿಡಿ, ಆಮೇಲೆ ಕೇಳುತ್ತಾರೆ. ಪರೀಕ್ಷೆ ಮಾಡಿದ ನಾವು ಇದ್ದೇವೆ, ಹೇಳುತ್ತೇವೆ. ಯಾವ ಬೋರ್ ಕುಡಿಯಲು, ಯಾವುದು ದನಕ್ಕೆ, ಬಟ್ಟೆಗೆ ಅಂತ ಊರವರೇ ಕೂತು ನಿರ್ಧಾರ ಮಾಡುತ್ತಾರೆ. ಬಣ್ಣದ ಡಬ್ಬಿ, ಕುಂಚದ ಖರ್ಚು ನಮ್ಮ ಸಂಘದಿಂದ ಹಾಕಲೂ ನಾವು ತಯಾರು. ಅಪ್ಪಣೆ ಒಂದು ಬೇಕು.

ಸಂಪಾದಕರೇ, ಕೊನೆಗೆ ನಿಮಗೇ ಒಂದು ಮನವಿ. ತುಂಗಭದ್ರಾ ಜಲಾಶಯದ ಮಟ್ಟವನ್ನು ನೀವು ದಿನಾ ಅಚ್ಚು ಹಾಕುತ್ತೀರಿ. ಗರಿಷ್ಠ 1,633 ಅಡಿ, ಇವತ್ತು ಇಷ್ಟು, ಒಳಹರಿವು ಇಷ್ಟು, ಹೊರಹರಿವು ಇಷ್ಟು. ನಮ್ಮ ತಂದೆ ಮೊದಲು ಓದುವುದೇ ಆ ಮೂಲೆಯನ್ನು. ಅದರ ಕೆಳಗೆ ವಾರಕ್ಕೊಂದು ತಾಲ್ಲೂಕಿನ ಊರುಗಳ ಕುಡಿಯುವ ನೀರಿನ ಫ್ಲೋರೈಡ್, ನೈಟ್ರೇಟ್ ಅಂಕಿಯನ್ನು ಪರೀಕ್ಷೆಯ ತಾರೀಖಿನ ಸಮೇತ ಹಾಕಿ. ಗ್ರಾಮೀಣ ಕುಡಿಯುವ ನೀರು ಇಲಾಖೆಯ ತಾಲ್ಲೂಕು ಕಚೇರಿಗೆ ನಿಮ್ಮ ವರದಿಗಾರರು ಕೇಳಿದರೆ ಅವರು ಕೊಡಲೇಬೇಕಾಗುತ್ತದೆ. ಕುಷ್ಟಗಿಯಿಂದ ಶುರು ಮಾಡಿದರೆ ನಮ್ಮೂರ ಎರಡೂ ಬೋರಿನ ಅಂಕಿ ಹಿಡಿದುಕೊಂಡು ನಾನೇ ನಿಮ್ಮ ವರದಿಗಾರರ ಹತ್ತಿರ ಬರುತ್ತೇನೆ.

ಇಂತಿ,
ನೀರು ಪರೀಕ್ಷೆ ಮಾಡುವ ನಿಮ್ಮ ಓದುಗಾರ್ತಿ,
ಕುಷ್ಟಗಿ ತಾಲ್ಲೂಕು, ಕೊಪ್ಪಳ ಜಿಲ್ಲೆ